ಅಚೆಯ ಹಳ್ಳಿಯಲ್ಲಿ ಮನೆ ಮಗಳದ್ದು, ಹಕ್ಕುಪತ್ರ ಯಾರದ್ದು?

ಅಚೆ ಭಾಷೆಯಲ್ಲಿ ಹೆಂಡತಿಯನ್ನು ‘ಪೊ ರುಮೊಹ್’ ಅನ್ನುತ್ತಾರೆ. ‘ರುಮೊಹ್’ ಅಂದರೆ ಮನೆ, ‘ಪೊ’ ಅಂದರೆ ಅದನ್ನು ಉಳ್ಳವರು. ಮನೆಯೊಡತಿ ಅಂತ ನಾವೂ ಕರೆಯುತ್ತೇವೆ, ಆದರೆ ಅದು ಹೆಚ್ಚಾಗಿ ಗೌರವದ ಮಾತು. ಅಲ್ಲಿ ಅದು ಆಸ್ತಿಯ ಮಾತು. ಗಂಡ ಮಲಗುವ ಮನೆ ಹೆಂಡತಿಗೆ ಅವಳ ಅಪ್ಪ ಅಮ್ಮ ಕೊಟ್ಟದ್ದು. ಎಷ್ಟೋ ಸಲ ಗದ್ದೆಯ ಒಂದು ತುಂಡೂ ಅದರ ಜೊತೆಗೆ ಬಂದಿರುತ್ತದೆ.

ಅಚೆ ಇರುವುದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ. ಶರೀಯತ್ ಜಾರಿಯಲ್ಲಿರುವ ಪ್ರಾಂತ್ಯ ಅಂತ ಹೊರಗಿನವರಿಗೆ ಅದರ ಪರಿಚಯ. ಶರೀಯತ್ ಪ್ರಕಾರ ತೀರಿಹೋದವರ ಆಸ್ತಿಯಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಹಾಗಾದರೆ ಮನೆ ಪೂರ್ತಿಯಾಗಿ ಮಗಳ ಕೈಸೇರುವುದು ಹೇಗೆ? ಹಿರಿಯರು ಬದುಕಿರುವಾಗಲೇ ಅದನ್ನು ದಾನವಾಗಿ ಕೊಟ್ಟುಬಿಡುತ್ತಾರೆ. ಕೊಟ್ಟದ್ದು ಮುಂದೆ ಪಾಲಿಗೆ ಬರುವುದಿಲ್ಲ. ಧರ್ಮದ ನಿಯಮ ಮುರಿಯಲಿಲ್ಲ, ಮಗಳೂ ಬೀದಿಗೆ ಬೀಳಲಿಲ್ಲ. ಊರಿನ ಪದ್ಧತಿ ಮತ್ತು ಧರ್ಮದ ಕಾನೂನು ಒಂದು ವಸ್ತು ಮತ್ತು ಅದರ ಗುಣದ ಹಾಗೆ, ಬೇರೆ ಮಾಡಲಾಗದು ಅಂತ ಅಲ್ಲಿ ಒಂದು ಗಾದೆಯಿದೆ. ಅದರ ಅರ್ಥ ನನಗೆ ಹಿಡಿದದ್ದು ಈ ಏರ್ಪಾಟನ್ನು ತಿಳಿದ ಮೇಲೆಯೇ.

ಹಳ್ಳಿಗೆ ಅಲ್ಲಿ ‘ಗಾಂಪೊಂಗ್’ ಅಂತ ಹೆಸರು. ಊರ ಮುಖ್ಯಸ್ಥ ಕೆಚಿಕ್. ಅವನ ಜೊತೆಗೆ ಧರ್ಮದ ಕೆಲಸ ನೋಡುವ ಇಮಾಮ್ ಮತ್ತು ಹಿರಿಯರ ಕೂಟ. ಊರ ನಡುವೆ ‘ಮೆನಾಸಾ’ ಎಂಬ ಕಟ್ಟಡ. ಪ್ರಾರ್ಥನೆ, ಪಂಚಾಯ್ತಿಕೆ ಎಲ್ಲ ಅಲ್ಲಿಯೇ. ಹಿಂದೆ ಬೆಳೆದ ಹುಡುಗರು ರಾತ್ರಿ ಮಲಗುತ್ತಿದ್ದುದೂ ಅಲ್ಲಿಯೇ, ಯಾಕೆಂದರೆ ಮನೆ ಅಮ್ಮನದು, ಅಕ್ಕತಂಗಿಯರದು. ಮದುವೆಯಾದ ಮೇಲೆ ಹುಡುಗ ಹೆಂಡತಿಯ ಮನೆಗೆ ಹೋಗುತ್ತಾನೆ. ಸ್ವಲ್ಪ ಕಾಲ ಕಳೆದ ಮೇಲೆ, ಸಾಮಾನ್ಯವಾಗಿ ಒಂದು ಮಗುವಾದ ಮೇಲೆ, ಹೆಣ್ಣಿನ ಕಡೆಯವರು ದಂಪತಿಯ ಸಂಸಾರ ಬೇರೆ ಮಾಡುತ್ತಾರೆ. ಆಗ ಮಗಳಿಗೆ ಕೊಡುವ ಮನೆ ಮತ್ತು ಗದ್ದೆಗೆ ‘ಪೆನುಲಾಂಗ್’ ಅನ್ನುತ್ತಾರೆ. ಮುಂದೆ ವಿಚ್ಛೇದನವಾದರೆ ಬಟ್ಟೆ ಗಂಟು ಹಿಡಿದು ಮೆಟ್ಟಿಲು ಇಳಿಯುವವನು ಗಂಡ. ಅಚೆ ಬೆಸಾರ್, ಪಿಡಿ ಜಿಲ್ಲೆಗಳಲ್ಲಿ ಈ ಪದ್ಧತಿ ಗಟ್ಟಿ. ಗುಡ್ಡಗಾಡಿನ ಗಾಯೋ ಜನರ ರೀತಿ ಬೇರೆ.

ಹಳೆಯ ಅಚೆ ಮನೆಯನ್ನು ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಕಂಬಗಳ ಮೇಲೆ ಎತ್ತರಕ್ಕೆ ನಿಂತ ಮರದ ಮನೆ. ಮುಂದೊಂದು ಪಡಸಾಲೆ, ಹಿಂದೊಂದು ಪಡಸಾಲೆ. ನಡುವಿನ ಭಾಗದ ನೆಲ ಇವೆರಡಕ್ಕಿಂತ ಎತ್ತರ. ಆ ಭಾಗದ ಹೆಸರೇ ‘ರುಮೊಹ್ ಇನೊಂಗ್’, ಹೆಣ್ಣಿನ ಮನೆ. ಮೊಳೆ ಹೊಡೆಯದೆ ಗೂಟ, ಬೆಣೆಗಳಿಂದಲೇ ಎಲ್ಲ ಜೋಡಿಸಿರುತ್ತಾರೆ. ಭೂಮಿ ನಡುಗಿದರೆ ಮನೆಯೂ ಜೊತೆಗೆ ಅಲುಗಾಡಿ ನಿಲ್ಲುತ್ತದೆ. ಬೇಕಾದರೆ ಪೂರ್ತಿ ಬಿಚ್ಚಿ ಇನ್ನೊಂದು ಕಡೆ ಕಟ್ಟಬಹುದು. ಹಾಗಾಗಿ ಮನೆಯನ್ನೇ ಮಾರಬಹುದು, ಮಗಳಿಗೆ ಕೊಟ್ಟು ಸಾಗಿಸಬಹುದು. ಕೆಳಗಿನ ಜಾಗ ಸುಮ್ನೆ ಖಾಲಿ ಇರುತ್ತಿರಲಿಲ್ಲ. ಭತ್ತ ಕುಟ್ಟುವ ಏತದಂಥ ಒನಕೆ ಇರುತ್ತಿದ್ದುದು ಅಲ್ಲಿಯೇ.

ಗದ್ದೆಯ ಲೆಕ್ಕ ಇನ್ನೂ ಸೊಗಸಾಗಿದೆ. ಅಳತೆ ಬೀಜವರಿಯಲ್ಲಿ, ಅಂದರೆ ಎಷ್ಟು ಬೀಜ ಹಿಡಿಯುತ್ತದೆ ಅನ್ನುವುದರ ಮೇಲೆ. ನೀರಿನ ಸರದಿ ನೋಡಲು, ಬಿತ್ತನೆಯ ದಿನ ಗೊತ್ತುಮಾಡಲು ಬೇರೆಯೇ ಒಬ್ಬ ಹಿರಿಯ ಇರುತ್ತಾನೆ. ಬಿತ್ತುವ ಮುಂಚೆ ಊರೆಲ್ಲ ಸೇರಿ ಗದ್ದೆಯ ಹಬ್ಬದೂಟ ಮಾಡುತ್ತಾರೆ. ಸ್ವಂತ ಗದ್ದೆ ಇಲ್ಲದವರು ‘ಮಾವಾಹ್’ ಪದ್ಧತಿಯಲ್ಲಿ ಪಾಲಿಗೆ ಮಾಡುತ್ತಾರೆ. ಕಷ್ಟ ಬಂದವರು ಗದ್ದೆ ಮಾರುವುದಿಲ್ಲ, ‘ಗಾಲಾ’ ಇಡುತ್ತಾರೆ. ಇದು ಭೋಗ್ಯದ ಥರದ ಒತ್ತೆ. ಲೆಕ್ಕ ದುಡ್ಡಿನಲ್ಲಲ್ಲ, ಚಿನ್ನದಲ್ಲಿ. ಒಂದು ‘ಮಾಯಮ್’ ಅಂದರೆ ಸುಮಾರು 3.3 ಗ್ರಾಂ. ಮದುವೆಯ ಮಹರ್, ಅಂದರೆ ಗಂಡು ಹೆಣ್ಣಿಗೆ ಕೊಡುವ ವಧುಧನ, ಎಣಿಸುವುದೂ ಇದರಲ್ಲೇ. ಸಾಲ ತೀರುವ ತನಕ ಬೆಳೆ ಸಾಲ ಕೊಟ್ಟವನಿಗೆ. ಇದು ಬಡ್ಡಿಯೇ ಅಲ್ವಾ ಅಂತ ಧರ್ಮಗುರುಗಳು ಆಕ್ಷೇಪ ಎತ್ತುತ್ತಾರೆ. ಆದರೂ ಇದು ನಿಂತಿಲ್ಲ. ಮಾರಲೇಬೇಕಾಗಿ ಬಂದರೆ ಮೊದಲು ನೆಂಟರನ್ನು, ಆಮೇಲೆ ಬದುವಿನ ನೆರೆಯವರನ್ನು ಕೇಳಬೇಕು.

ಇಷ್ಟೆಲ್ಲ ವ್ಯವಹಾರ ಬಹುಪಾಲು ಬಾಯಿಮಾತಿನಲ್ಲಿ. ಯಾವ ಗದ್ದೆ ಯಾರದು ಅಂತ ನೆರೆಯವರಿಗೆ ಗೊತ್ತು, ಕೆಚಿಕ್‌ಗೆ ಗೊತ್ತು. ಬದುವಿನ ಮರವೇ ಗುರುತು.

ಗಂಡಸರು ಹೆಚ್ಚಾಗಿ ಊರಲ್ಲಿ ಇರುತ್ತಿರಲಿಲ್ಲ. ಕಾಳುಮೆಣಸಿನ ತೋಟಗಳಿಗೆ, ವ್ಯಾಪಾರಕ್ಕೆ ದೂರ ಹೋಗಿ ಹಬ್ಬಕ್ಕೆ ಬರುತ್ತಿದ್ದರು. 1873ರಲ್ಲಿ ಡಚ್ಚರು ಅಚೆಯ ಮೇಲೆ ಯುದ್ಧ ಸಾರಿದರು. ಅದು ದಶಕಗಟ್ಟಲೆ ನಡೆಯಿತು. 1976ರಲ್ಲಿ ಹಸನ್ ದಿ ತಿರೊ ಅಚೆ ಸ್ವಾತಂತ್ರ್ಯದ ಚಳವಳಿ ಶುರುಮಾಡಿದರು. 1989ರಿಂದ 1998ರವರೆಗೆ ಅಚೆ ಇಂಡೋನೇಷ್ಯಾ ಸೈನ್ಯದ ಕಾರ್ಯಾಚರಣೆಯ ವಲಯವಾಗಿತ್ತು. ಎಷ್ಟೋ ಗಂಡಸರು ಸತ್ತರು, ಕಾಣೆಯಾದರು, ಕಾಡು ಸೇರಿದರು. ಅಷ್ಟು ಕಾಲವೂ ಮನೆ, ಗದ್ದೆ ಹಿಡಿದುಕೊಂಡು ಮಕ್ಕಳನ್ನು ಸಾಕಿದವರು ಹೆಂಗಸರು. ಈ ಪೆನುಲಾಂಗ್ ಇಲ್ಲದಿದ್ದರೆ ಆ ವಿಧವೆಯರ ಗತಿ ಏನಾಗುತ್ತಿತ್ತೋ.

ಸರ್ಕಾರದ ಕಾಗದ ಈ ಲೋಕದೊಳಗೆ ನಿಧಾನವಾಗಿ ಬಂತು. 1960ರ ಭೂ ಕಾಯ್ದೆ ಇಡೀ ದೇಶದ ಜಮೀನು ನೋಂದಾಯಿಸಬೇಕು ಎಂದಿತು. 1979ರ ಕಾಯ್ದೆ ಎಲ್ಲ ಹಳ್ಳಿಗಳಿಗೂ ಒಂದೇ ಮಾದರಿಯ ಆಡಳಿತ ಹೊರಿಸಿತು. ಆದರೂ 2004ರ ಹೊತ್ತಿಗೆ ಅಚೆಯ ಹೆಚ್ಚಿನ ಹಳ್ಳಿ ಜಮೀನಿಗೆ ಹಕ್ಕುಪತ್ರವೇ ಇರಲಿಲ್ಲ.

2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂತು. ಅಚೆಯಲ್ಲೇ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸತ್ತರು ಇಲ್ಲವೇ ಕಾಣೆಯಾದರು. ಬದುವಿನ ಮರಗಳು ಹೋದವು. ಗಡಿ ಗೊತ್ತಿದ್ದ ಹಿರಿಯರು ಹೋದರು. ಪ್ರಾಂತ್ಯದ ರಾಜಧಾನಿ ಬಂಡಾ ಅಚೆಯಲ್ಲಿ ಕೆಸರಿನಲ್ಲಿ ನೆಂದ ಭೂದಾಖಲೆಗಳನ್ನು ಹೆಪ್ಪುಗಟ್ಟಿಸಿ, ಒಣಗಿಸಿ ಉಳಿಸಲು ಜಕಾರ್ತಾಕ್ಕೆ ಸಾಗಿಸಿದರು. ಕಡಲತೀರದ ಅನೇಕ ಹಳ್ಳಿಗಳಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತಿದ್ದರು. ಯಾರ ಹೆಸರಿನಲ್ಲಿ ಊರಿನ ನೆನಪು ಮನೆಗಳನ್ನು ಇಟ್ಟಿತ್ತೋ ಅವರೇ ಇಲ್ಲ.

ಆಗ ‘ಪತಾಹ್ ತಿತಿ’ ಎಂಬ ಹಳೆಯ ಮಾತು ಕಣ್ಣೀರು ತರಿಸಿತು. ಅರ್ಥ, ಮುರಿದ ಸಂಕ. ಅಜ್ಜನಿಗಿಂತ ಮೊದಲು ಅಪ್ಪ ಸತ್ತರೆ, ಚಿಕ್ಕಪ್ಪ ದೊಡ್ಡಪ್ಪ ಇರುವಾಗ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲಿಲ್ಲ. ಒಂದೇ ಅಲೆಯಲ್ಲಿ ಇಬ್ಬರೂ ಹೋದಾಗ ಮೊದಲು ಹೋದವರು ಯಾರು ಅಂತ ಹೇಗೆ ಹೇಳುವುದು? 1991ರ ಇಂಡೋನೇಷ್ಯಾದ ಇಸ್ಲಾಮಿಕ್ ಕಾನೂನಿನ ಸಂಗ್ರಹ ಇಂಥ ಮೊಮ್ಮಕ್ಕಳು ಅಪ್ಪ ಅಮ್ಮನ ಜಾಗದಲ್ಲಿ ನಿಂತು ಪಾಲು ಪಡೆಯಬಹುದು ಎಂದಿತ್ತು. ಅನಾಥ ಮಕ್ಕಳಿಗೆ ಅದೊಂದೇ ಊರುಗೋಲು.

2005ರಲ್ಲಿ ರಾಲಾಸ್ ಎಂಬ ಭೂದಾಖಲೆ ಯೋಜನೆ ಶುರುವಾಯಿತು. ಬದುಕಿ ಉಳಿದವರೇ ನಿಂತು ಗಡಿಗೆ ಗೂಟ ನೆಟ್ಟರು, ನೆರೆಯವರು ಒಪ್ಪಿ ಸಹಿ ಹಾಕಿದರು, ಅಧಿಕಾರಿಗಳು ಅಳೆದರು. ಒಳ್ಳೆಯ ವಿಧಾನ, ಊರಿನ ನೆನಪಿಗೇ ಬೆಲೆ ಕೊಟ್ಟದ್ದು. ಕೆಲವೇ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಬಂದವು. ಆದರೆ ಹೆಸರಿನ ಜಾಗದಲ್ಲಿ ಹೆಚ್ಚಾಗಿ ಗಂಡಸರ ಹೆಸರು. ಗಂಡ ಹೆಂಡತಿಯ ಜಂಟಿ ಹೆಸರಿನವು ಕಡಿಮೆ. ಕಚೇರಿಗಳಿಗೆ ಮನೆಯ ಯಜಮಾನ ಅಂದರೆ ಗಂಡ. ಬಾಯಿಮಾತಿನಲ್ಲಿ ಹೆಂಗಸಿನದಾಗಿದ್ದದ್ದು ಕಾಗದದಲ್ಲಿ ಗಂಡಸಿನದಾಗುವುದಕ್ಕೆ ಒಂದು ಸಾಲು ಸಾಕಾಯಿತು. ಇದು ಸಣ್ಣ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಾಳೆ ಬ್ಯಾಂಕು, ನ್ಯಾಯಾಲಯ ಕೇಳುವುದು ಆ ಸಾಲನ್ನೇ.

2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಇಂಡೋನೇಷ್ಯಾ ಸರ್ಕಾರಕ್ಕೂ ಸ್ವಾತಂತ್ರ್ಯದ ಚಳವಳಿಯವರಿಗೂ ಶಾಂತಿ ಒಪ್ಪಂದವಾಯಿತು. 2006ರ ಹೊಸ ಕಾನೂನು ಅಚೆಗೆ ಹೆಚ್ಚಿನ ಸ್ವಂತ ಆಡಳಿತ ಕೊಟ್ಟಿತು. 2008ರಲ್ಲಿ ಪ್ರಾಂತ್ಯ ತಂದ ಒಂದು ಕಾಯ್ದೆ 18 ಬಗೆಯ ಜಗಳಗಳನ್ನು ಮೊದಲು ಊರಿನಲ್ಲೇ ಬಗೆಹರಿಸಲು ಬಿಟ್ಟುಕೊಟ್ಟಿದೆ. ಪಾಲಿನ ಜಗಳ, ಮನೆಯೊಳಗಿನ ಜಗಳ ಎರಡೂ ಅದರಲ್ಲಿವೆ. ತೀರ್ಪಿಗೆ ಕೂರುವವರು ಹೆಚ್ಚಾಗಿ ಗಂಡಸರೇ.

ಈಗ ಹಳ್ಳಿಗಳಲ್ಲಿ ಮರದ ಮನೆ ಕಡಿಮೆ. ನೆಲದ ಮೇಲೆ ಸಿಮೆಂಟಿನ ಮನೆ, ತಗಡಿನ ಮಾಡು. ಅದನ್ನು ಬಿಚ್ಚಿ ಮಗಳ ಹಿತ್ತಲಿಗೆ ಸಾಗಿಸಲಾಗದು. ಒಂದೇ ಅಂಗಳದಲ್ಲಿ ಅಕ್ಕತಂಗಿಯರ ಮನೆಗಳು ಒತ್ತೊತ್ತಾಗಿ ಏಳುತ್ತವೆ. ಪೆನುಲಾಂಗ್ ಕೊಡುವಾಗಲೇ ಕೆಚಿಕ್ ಮುಂದೆ ದಾನಪತ್ರ ಬರೆಸಿಕೊಳ್ಳುವ ದಾರಿಯೂ ಇದೆ. ಆ ಪತ್ರದಲ್ಲಿ ಇರುವುದು ಮಗಳ ಹೆಸರು.