ಕವಡೆಗೆ ಎರಡೇ ಮಗ್ಗುಲು, ಹಾಗಂತ ಅರ್ಧರ್ಧವೇ?

ಶಿರಸಿ, ಕುಮಟಾ ಕಡೆಯ ಜಗಲಿಗಳಲ್ಲಿ ಚೌಕಾಬಾರದ ಮನೆ ಬರೆದರೆ ಗರ ಹಾಕಲು ನಾಲ್ಕು ಕವಡೆ ಸಾಕು. ಎಷ್ಟು ಅಂಗಾತ, ಅಂದರೆ ಬಾಯಿ ಮೇಲಾಗಿ, ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಬೋರಲಾದರೆ ಎಂಟು. ಒಟ್ಟು ಐದು ಬಗೆಯ ಗರ. 'ಹಾಗಾದರೆ ಒಂದೊಂದರ ಸಂಭವವೂ 1/5' ಎಂದು ಮಕ್ಕಳು ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಈ ಉತ್ತರದೊಳಗೆ ಎರಡು ತಪ್ಪುಗಳಿವೆ.

ಒಂದು ಎಣಿಕೆಯದು. ಪ್ರತಿ ಕವಡೆಯೂ ಸಮವಾಗಿ ಬೀಳುತ್ತದೆ ಎಂದುಕೊಂಡರೂ ನಾಲ್ಕು ಕವಡೆ ಬೀಳುವ ರೀತಿ 16. ಅದರಲ್ಲಿ ಎರಡರ ಗರಕ್ಕೆ 6, ಒಂದಕ್ಕೂ ಮೂರಕ್ಕೂ ತಲಾ 4, ನಾಲ್ಕಕ್ಕೂ ಎಂಟಕ್ಕೂ ತಲಾ 1. ಇನ್ನೊಂದು ತಪ್ಪು ಕವಡೆಯನ್ನು ನಾಣ್ಯ ಎಂದುಕೊಂಡದ್ದು. ಬೆನ್ನು ಉಬ್ಬು, ಬಾಯಿ ಚಪ್ಪಟೆ ಇರುವ ವಸ್ತುವಿಗೆ 1/2 ಎಂದು ಕೂತಲ್ಲೇ ಹೇಳಲು ಬರುವುದಿಲ್ಲ. ಎಸೆದು ಎಣಿಸಿ ಸಾಪೇಕ್ಷ ಆವೃತ್ತಿ ತೆಗೆಯಬೇಕು: ಅಂಗಾತ ಬಿದ್ದ ಸಲ ಭಾಗಿಸು ಒಟ್ಟು ಎಸೆತ.

ನಾಲ್ಕು ಕವಡೆಗೂ ಉಗುರುಬಣ್ಣದಿಂದ ಬೇರೆ ಬೇರೆ ಗುರುತು ಹಾಕಿ, ಲೆಕ್ಕವನ್ನೂ ಬೇರೆ ಇಡಿ. ಒಟ್ಟಿಗೆ ಸೇರಿಸಿದರೆ ಒಂದರ ಓರೆ (ಒಂದು ಮಗ್ಗುಲಿಗೇ ಹೆಚ್ಚು ಬೀಳುವ ಗುಣ) ಇನ್ನೊಂದರಲ್ಲಿ ಮುಚ್ಚಿಹೋಗುತ್ತದೆ. ಕಡಲದಂಡೆಯಲ್ಲಿ ಹೆಕ್ಕಿದ್ದಾದರೆ ಬಾಯಲ್ಲಿ ಸಿಕ್ಕ ಮರಳನ್ನು ಕಡ್ಡಿಯಿಂದ ತೆಗೆಯಿರಿ. ನಡುವೆ ಮರಳು ಉದುರಿದರೆ ಮೊದಲ ನೂರು ಎಸೆತದ ಕವಡೆ ಬೇರೆ, ಕೊನೆಯ ನೂರರದ್ದೇ ಬೇರೆ. ಕೈಯಿಂದ ಜಾರಿಸುವುದು ಬೇಡ, ಪಳಗಿದ ಕೈಗೆ ಬೇಕಾದ ಗರ ಬೀಳಿಸುವುದು ಗೊತ್ತು. ಗರಟೆಯಲ್ಲಿ ಹಾಕಿ ಕುಲುಕಿ, ಗೇಣೆತ್ತರದಿಂದ, ಪ್ರತಿಸಲವೂ ಅದೇ ಚಾಪೆಯ ಮೇಲೆ ಸುರಿಯಿರಿ. ಗಾರೆ ನೆಲದಲ್ಲಿ ಕವಡೆ ಪುಟಿಯುತ್ತದೆ, ಅಲ್ಲಿ ಬರುವ ಅಂಕಿ ಬೇರೆಯೇ ಇರಬಹುದು.

ಎಷ್ಟು ಎಸೆತ ಎಂಬುದನ್ನು ಶುರುವಿಗೇ ಬರೆದಿಡಿ. 'ಅಂತೂ ಸರಿ ಬಂತು' ಅನ್ನಿಸಿದಾಗ ನಿಲ್ಲಿಸಿದರೆ ಅದು ಪರೀಕ್ಷೆಯೇ ಅಲ್ಲ.

ಈಗ ಅಸಲು ಪ್ರಶ್ನೆ: ಎಷ್ಟು ಹೆಚ್ಚುಕಮ್ಮಿ ಬಂದರೆ ಸಹಿಸಬಹುದು? ಕವಡೆ ನಿಜಕ್ಕೂ ಸಮವಾಗಿದ್ದರೆ ನೂರರಲ್ಲಿ ಸುಮಾರು 95 ಸಲ, 20 ಎಸೆತದಲ್ಲಿ ಅಂಗಾತ 6ರಿಂದ 14ರೊಳಗೆ ಇರುತ್ತದೆ. 100ರಲ್ಲಿ 40ರಿಂದ 60. 400ರಲ್ಲಿ 180ರಿಂದ 220. ಹಾಗಾಗಿ 20ಕ್ಕೆ 8 ಬಂದರೆ ಏನೂ ಹೇಳಲಾಗದು. 400ಕ್ಕೆ 160 ಬಂದರೆ ಕವಡೆ ಓರೆ ಎನ್ನಲು ಅಡ್ಡಿಯಿಲ್ಲ. ಎರಡರಲ್ಲೂ ಸಾಪೇಕ್ಷ ಆವೃತ್ತಿ 0.4 ಎಂಬುದನ್ನು ಗಮನಿಸಿ. ಎಸೆತ ನಾಲ್ಕು ಪಟ್ಟು ಮಾಡಿದರೆ ಅದರ ಏರಿಳಿತ ಅರ್ಧಕ್ಕಿಳಿಯುತ್ತದೆ, ಅದಕ್ಕಿಂತ ಬೇಗ ಇಳಿಯುವುದಿಲ್ಲ.

ಆಟದ ಗರದಲ್ಲೇ ಒಂದು ಚುರುಕಾದ ಸುಳಿವಿದೆ. ನಾಲ್ಕೂ ಕವಡೆ 0.4ರಷ್ಟು ಅಂಗಾತ ಬೀಳುವಂಥವಾದರೆ, ನಾಲ್ಕು ಬೀಳುವ ಸಂಭವ 0.0256, ಎಂಟರದ್ದು 0.1296. ಐದು ಪಟ್ಟು! ಒಂದೇ ಕವಡೆಯಲ್ಲಿ ಒಂದೂವರೆ ಪಟ್ಟಿದ್ದ ವ್ಯತ್ಯಾಸ ನಾಲ್ಕು ಸಲ ಗುಣಿಸಿ ಇಷ್ಟಾಯಿತು. ಎಂಟು ಧಾರಾಳ ಬಿದ್ದು ನಾಲ್ಕು ಅಪರೂಪವಾದರೆ ಕವಡೆಗಳನ್ನು ಅನುಮಾನಿಸಿ. ಆದರೆ ಅನುಮಾನ ಹುಟ್ಟಿಸಿದ ಎಸೆತಗಳನ್ನೇ ಸಾಕ್ಷಿಗೆ ಕರೆಯಬೇಡಿ. ಹೊಸದಾಗಿ ಎಸೆದು ಎಣಿಸಿ.

ಓರೆ ಕಾಣಲಿಲ್ಲ ಎಂದರೆ ಸಮ ಎಂದು ಸಾಬೀತಾದಂತಲ್ಲ. 1894ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವೆಲ್ಡನ್ 12 ದಾಳಗಳನ್ನು 26,306 ಸಲ ಎಸೆದ ಲೆಕ್ಕ ಒದಗಿಸಿದರು. 5 ಅಥವಾ 6 ಬಿದ್ದ ಸಾಪೇಕ್ಷ ಆವೃತ್ತಿ 0.3377, ಸಮವಾಗಿದ್ದರೆ 0.3333 ಇರಬೇಕಿತ್ತು. ಮೂರು ಲಕ್ಷಕ್ಕೂ ಮಿಕ್ಕಿ ದಾಳ ಬಿದ್ದದ್ದರಿಂದ ಈ ಕೂದಲೆಳೆಯ ವ್ಯತ್ಯಾಸ ಕಂಡಿತು, 400 ಎಸೆತದಲ್ಲಿ ಕಾಣುತ್ತಿರಲಿಲ್ಲ.

ಓರೆ ಕವಡೆಯನ್ನು ಬಿಸಾಡಬೇಕಿಲ್ಲ. ಯಾರು ಮೊದಲು ಆಡುವುದು ಎಂದು ನಿರ್ಧರಿಸಲು ಅದನ್ನೇ ಎರಡು ಸಲ ಹಾಕಿ: ಅಂಗಾತ ಆಮೇಲೆ ಬೋರಲು ಬಂದರೆ ಒಬ್ಬರು, ಬೋರಲು ಆಮೇಲೆ ಅಂಗಾತ ಬಂದರೆ ಇನ್ನೊಬ್ಬರು, ಎರಡೂ ಒಂದೇ ಆದರೆ ಮತ್ತೆ ಎರಡು ಸಲ. 0.4ರ ಕವಡೆಯಲ್ಲಿ ಮೊದಲೆರಡರ ಸಂಭವವೂ 0.4 × 0.6 = 0.24, ಸರಿಸಮ. ನೂರು ಜೋಡಿಗೆ ಸರಾಸರಿ 52 ವ್ಯರ್ಥವಾಗುತ್ತವೆ, ಅಷ್ಟೇ ಖರ್ಚು.