ಯೂಟಾದ ಕಲ್ಲಿನ ಕಮಾನುಗಳನ್ನು ಕೊರೆದದ್ದು ಗಾಳಿಯಾ?

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಮೆರಿಕದ ಯೂಟಾ ರಾಜ್ಯದಲ್ಲಿ ಕಾರಿನಲ್ಲಿ ಸುತ್ತಬೇಕು ಅಂತಿದ್ದೇವೆ. ಝಯಾನ್, ಬ್ರೈಸ್, ಆರ್ಚಸ್ ಎಂಬ ಮೂರು ರಾಷ್ಟ್ರೀಯ ಪಾರ್ಕುಗಳನ್ನು ನೋಡುವ ಯೋಚನೆ. ಅಲ್ಲಿನ ಕಲ್ಲಿನ ಕಮಾನು, ಕಂಬಗಳನ್ನೆಲ್ಲ ಗಾಳಿಯೇ ಕೊರೆದದ್ದು ಅಂತಾರೆ. ನಿಜವಾ?

ಉತ್ತರ: ಇಲ್ಲ. ಕೊರೆಯುವ ಕೆಲಸದಲ್ಲಿ ಗಾಳಿಯ ಪಾಲು ತೀರಾ ಕಡಿಮೆ. ಬಹುಪಾಲು ಕೆಲಸ ನೀರಿನದು. ಅಷ್ಟು ಒಣಗಿದ ಊರಲ್ಲಿ ನೀರೆಲ್ಲಿಂದ ಬಂತು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಝಯಾನ್‌ನಿಂದ ಶುರು ಮಾಡಿ ಪೂರ್ವಕ್ಕೆ ಹೊರಟರೆ ಆ ಪ್ರಶ್ನೆಗೆ ಉತ್ತರ ದಾರಿಯಲ್ಲೇ ಸಿಗುತ್ತದೆ.

ಗಾಳಿ ಮಾಡಿದ್ದು ಬೇರೆ ಕೆಲಸ, ಅದು ಕಾಣುವುದು ಝಯಾನ್‌ನಲ್ಲಿ. ಸುಮಾರು 18 ಕೋಟಿ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಮರಳುಗಾಡು ಇತ್ತು. ಗಾಳಿ ತಂದು ಗುಡ್ಡೆ ಹಾಕಿದ ಆ ಮರಳೇ ಈಗ ಮರಳುಗಲ್ಲು. 1930ರಲ್ಲಿ ತೆರೆದ ಉದ್ದನೆಯ ಸುರಂಗ ದಾಟಿ ಪೂರ್ವದ ಗೇಟಿನ ಕಡೆ ಹೋದರೆ, ರಸ್ತೆ ಪಕ್ಕದಲ್ಲೇ ಚೆಕರ್‌ಬೋರ್ಡ್ ಮೇಸಾ ಬೆಟ್ಟ ಸಿಗುತ್ತದೆ. ಅದರ ಮೈಮೇಲಿನ ಓರೆ ಗೆರೆಗಳು ಹಳೆಯ ಮರಳುದಿಬ್ಬಗಳ ಇಳಿಜಾರುಗಳು. ಆ ಕಲ್ಲನ್ನು ಕತ್ತರಿಸಿ ಕಣಿವೆ ಮಾಡಿದ್ದು ಮಾತ್ರ ವರ್ಜಿನ್ ನದಿ.

ಬ್ರೈಸ್ ಪಾರ್ಕಿನ ಮೇಲಂಚು ಸಮುದ್ರಮಟ್ಟದಿಂದ 2,400 ಮೀಟರಿಗೂ ಮೇಲಿದೆ. ವರ್ಷದಲ್ಲಿ ಎಷ್ಟೋ ರಾತ್ರಿ ನೀರು ಹೆಪ್ಪುಗಟ್ಟಿ, ಹಗಲಲ್ಲಿ ಕರಗುತ್ತದೆ. ಹೆಪ್ಪುಗಟ್ಟಿದಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ. ಬಿರುಕಿನೊಳಗೆ ಹಾಗೆ ಹಿಗ್ಗಿದರೆ ಕಲ್ಲು ಒಡೆಯಲೇಬೇಕು, ಅಲ್ವಾ? ಅಲ್ಲಿನ ಕಂಬಗಳು ಹೀಗೆ ಒಡೆದೊಡೆದು ಉಳಿದವು.

ಇನ್ನು ಆರ್ಚಸ್. ಅಲ್ಲಿ ಒಂದೇ ಪಾರ್ಕಿನಲ್ಲಿ 2,000ಕ್ಕೂ ಹೆಚ್ಚು ಕಮಾನುಗಳಿವೆ. ಕಾರಣ ನೆಲದಡಿಯ ಉಪ್ಪು. ಸುಮಾರು 30 ಕೋಟಿ ವರ್ಷಗಳ ಹಿಂದೆ ಸಮುದ್ರ ಬತ್ತಿ ಬತ್ತಿ ಉಪ್ಪಿನ ದಪ್ಪ ಪದರ ಉಳಿಯಿತು. ಅದರ ಮೇಲೆ ಕಲ್ಲಿನ ಪದರಗಳು ಕೂತವು. ಭಾರ ಜಾಸ್ತಿಯಾದಾಗ ಉಪ್ಪು ಗಟ್ಟಿಯಾಗಿ ನಿಲ್ಲುವುದಿಲ್ಲ, ನಿಧಾನಕ್ಕೆ ಜರುಗುತ್ತದೆ. ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಕುಸಿಯಿತು. ಮೇಲಿನ ಕಲ್ಲು ಸಾಲು ಸಾಲಾಗಿ ಬಿರಿಯಿತು. ಬಿರುಕುಗಳು ಅಗಲವಾಗಿ, ನಡುವೆ ತೆಳ್ಳನೆಯ ಗೋಡೆಗಳು ಉಳಿದವು.

ಗೋಡೆ ಕಮಾನಾಗುವುದು ಹೇಗೆ? ಮರಳಿನ ಕಾಳುಗಳನ್ನು ಹಿಡಿದಿಟ್ಟಿರುವುದು ಸುಣ್ಣದ ಅಂಟು. ಮಳೆನೀರಿನಲ್ಲಿ ಚೂರು ಆಮ್ಲ ಇರುತ್ತದೆ, ಅದು ಆ ಅಂಟನ್ನು ಕರಗಿಸುತ್ತದೆ. ತೇವ ನಿಲ್ಲುವ ಕಡೆ ಕಲ್ಲು ಉದುರಿ ಗೂಡಾಗುತ್ತದೆ, ಗೂಡು ಆಚೆಗೆ ತೂತಾಗುತ್ತದೆ. ಕಮಾನಿನ ಬುಡದಲ್ಲಿ ಬಿದ್ದಿರುವ ಮರಳನ್ನು ಮಕ್ಕಳು ಅಂಗೈ ಮೇಲೆ ಹಾಕಿಕೊಂಡು ನೋಡಲಿ. ಕಾಳುಗಳ ಮೇಲೆ ತೆಳ್ಳನೆ ಕೆಂಪು ಲೇಪ ಇರುತ್ತದೆ, ಅದು ಕಬ್ಬಿಣದ ತುಕ್ಕು. ಇಡೀ ಪ್ರದೇಶದ ಬಣ್ಣ ಬಂದದ್ದೇ ಅದರಿಂದ.

ಈ ಕೆಲಸ ಇನ್ನೂ ಮುಗಿದಿಲ್ಲ. ಲ್ಯಾಂಡ್‌ಸ್ಕೇಪ್ ಆರ್ಚ್ ಸುಮಾರು 93 ಮೀಟರ್ ಉದ್ದ. 1991ರಲ್ಲಿ ಅದರ ಅಡಿಯಿಂದ ದೊಡ್ಡ ಚಪ್ಪಡಿ ಕಳಚಿ ಬಿತ್ತು. ಆಮೇಲೆ ಅದರ ಕೆಳಗೆ ಹೋಗುವ ದಾರಿ ಮುಚ್ಚಿದರು. 2008ರಲ್ಲಿ ವಾಲ್ ಆರ್ಚ್ ಪೂರ್ತಿ ಕುಸಿಯಿತು. ಹಾಗಾಗಿ ಬೇಲಿ ಹಾಕಿದ ಕಡೆ ದಯವಿಟ್ಟು ದಾಟಬೇಡಿ, ಫೋಟೋಗೆ ಅಂತ ಕಮಾನಿನ ಮೇಲೆ ಹತ್ತಲೂಬೇಡಿ.

ಕಮಾನುಗಳ ಹಿಂದೆ ಹಿಮ ಹೊದ್ದು ನಿಂತಿರುವುದು ಲಾ ಸಾಲ್ ಬೆಟ್ಟಗಳು. ಅವುಗಳ ಕಥೆಯೇ ಬೇರೆ: ನೆಲದಡಿಯಲ್ಲಿ ಕರಗಿದ ಕಲ್ಲು ಮೇಲೇರಿ, ಹೊರಗೆ ಬರುವ ಮೊದಲೇ ಗಟ್ಟಿಯಾದದ್ದು. ಮೇಲಿನ ಪದರ ಸವೆದ ಮೇಲೆ ಕಾಣಿಸಿಕೊಂಡವು.

ದಾರಿಯ ಬಗ್ಗೆ ಎರಡು ಮಾತು. ಇಂಟರ್‌ಸ್ಟೇಟ್ 70 ಹೆದ್ದಾರಿಯಲ್ಲಿ ಸಲೈನಾ ಊರಿನಿಂದ ಗ್ರೀನ್ ರಿವರ್ ಊರಿನವರೆಗೆ ಸುಮಾರು 170 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ, ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ಡೆಲಿಕೇಟ್ ಆರ್ಚ್‌ಗೆ ಹೋಗಿ ಬರಲು ಸುಮಾರು 5 ಕಿ.ಮೀ. ನಡಿಗೆ, ನೆರಳು ಇಲ್ಲವೇ ಇಲ್ಲ. ಬೇಸಿಗೆಯಾದರೆ ಬೆಳಿಗ್ಗೆ ಬೇಗ ಹೋಗಿ, ತಲೆಗೆ ಎರಡು ಲೀಟರ್ ನೀರಿರಲಿ. ಇಕ್ಕಟ್ಟಾದ ಕಣಿವೆಗಳ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನಿಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಎಲ್ಲೋ ದೂರದಲ್ಲಿ ಬಿದ್ದ ಮಳೆ ನಿಮಿಷಗಳಲ್ಲಿ ಪ್ರವಾಹವಾಗಿ ನುಗ್ಗಬಹುದು. ಅವತ್ತಿನ ಪ್ರವಾಹದ ಮುನ್ಸೂಚನೆಯನ್ನು ಪಾರ್ಕಿನ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ಒಳಗೆ ಇಳಿಯಿರಿ.