ಹಾಡಿ ಹೆಸರು ಮಾಡಿದವರು ಸಿನಿಮಾದಲ್ಲಿ ಪೋಷಕ ನಟರಾದದ್ದು ಏಕೆ?

ಪ್ರಶ್ನೆ: ನಾಟಕ ಕಂಪನಿಗಳ ಗಾಯಕ ನಟರು ಹಳೆಯ ಕನ್ನಡ ಚಿತ್ರಗಳಲ್ಲಿ ಅಪ್ಪ, ಗೌಡ, ಪುರೋಹಿತರಾಗಿ ಬರುತ್ತಾರೆ, ಹಾಡುವುದೇ ಇಲ್ಲ. ಏಕೆ?

ಉತ್ತರ: ಮೊದಲು ಹೀಗಿರಲಿಲ್ಲ. 1934ರ ‘ಸತಿ ಸುಲೋಚನ’ದಲ್ಲಿ ನಾಯಕ ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು, ಇಬ್ಬರೂ ರಂಗದವರೇ. ಆರಂಭದ ವಾಕ್ಚಿತ್ರಗಳಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ನಟರು ಹಾಡಬೇಕಿತ್ತು. ಕಂಠವಿಲ್ಲದವರಿಗೆ ದೊಡ್ಡ ಪಾತ್ರ ದಕ್ಕುವುದು ಕಷ್ಟವಿತ್ತು. ಹಿನ್ನೆಲೆ ಗಾಯನ ಬಂತು, ಆ ಕಟ್ಟು ಸಡಿಲವಾಯಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರಿಗೇ 1974ರ ‘ಸಂಪತ್ತಿಗೆ ಸವಾಲ್’ವರೆಗೆ ಬಹುತೇಕ ಹಾಡುಗಳನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್. ಇನ್ನು ಉಳಿದವರ ಮಾತೇನು!

ಕಂಠದ ಕಟ್ಟೂ ಅಡ್ಡ ಬಂತು. ಮೈಕ್ ಇಲ್ಲದ ರಂಗದಲ್ಲಿ ಕೊನೆಯ ಸಾಲಿಗೂ ಸಾಹಿತ್ಯ ಮುಟ್ಟಬೇಕು, ಅದಕ್ಕೇ ಏರು ಶ್ರುತಿ, ತೆರೆದ ಗಂಟಲು. ‘ಒನ್ಸ್ ಮೋರ್’ ಬಿದ್ದರೆ ಅದೇ ಪದ ಮತ್ತೊಮ್ಮೆ, ಹೊಸ ಆಲಾಪದೊಂದಿಗೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು–ಮೂರೂವರೆ ನಿಮಿಷ. ಆಲಾಪಕ್ಕೆ ಅಲ್ಲಿ ಜಾಗವೆಲ್ಲಿ? ಮೈಕ್‌ಗೆ ಹತ್ತಿರ ನಿಂತು ಮೆಲ್ಲಗೆ ಹಾಡುವ ಕಂಠವೇ ಬೇಕಾಯಿತು.

ವಯಸ್ಸಿನ ಲೆಕ್ಕವೂ ಇದೆ. ರಂಗದ ಬಣ್ಣ, ದೂರದ ದೀಪ ಮುಖದ ಗೆರೆ ಮುಚ್ಚುತ್ತವೆ, ಕ್ಲೋಸಪ್ ಮುಚ್ಚುವುದಿಲ್ಲ. 1896ರಲ್ಲಿ ಹುಟ್ಟಿದ ನಾಗೇಂದ್ರರಾಯರು 1968ರ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ಮನೆಯ ಹಿರಿಯ.

ಇದನ್ನು ಇಳಿಕೆ ಎನ್ನಲು ನಮಗೆ ಮನಸ್ಸಿಲ್ಲ. ಹಾಡು ಹೋದರೂ ಅದು ಕಲಿಸಿದ ಉಸಿರು ಉಳಿಯಿತು. ನಾಲ್ಕು ಸಾಲಿನ ಮಾತನ್ನು ಒಂದೇ ಉಸಿರಿನಲ್ಲಿ, ಮಹಾಪ್ರಾಣ ಕೆಡದಂತೆ ಹೇಳಬಲ್ಲವರು ಇವರು. ಡಬ್ಬಿಂಗ್‌ನಲ್ಲಿ ತುಟಿಗೆ ಮಾತು ಕೂಡಿಸುವುದು ತಾಳದ ಕೆಲಸವೇ, ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಅವರ ಮೈಗೆ ಗೊತ್ತು.

ಸೋತವರು ಸೋತದ್ದು ಎರಡು ರೂಢಿಗಳಿಂದ. ಒಂದು, ಹಾರ್ಮೋನಿಯಂ ಶ್ರುತಿ ಕೊಡುವುದನ್ನು ಕಾಯುವವರಂತೆ ಮಾತಿನ ಕೊನೆಯ ಅಕ್ಷರ ಎಳೆಯುವುದು. ಇನ್ನೊಂದು, ಎದುರಿನ ನಟನನ್ನು ಬಿಟ್ಟು ಇಲ್ಲದ ಕೊನೆಯ ಸಾಲಿನತ್ತ ನೋಡುವುದು. ಮುಂದಿನ ಸಲ ಹಳೆಯ ಚಿತ್ರ ನೋಡುವಾಗ ಅಪ್ಪನ ಪಾತ್ರದ ವಾಕ್ಯದ ಕೊನೆಗೆ ಕಿವಿಗೊಡಿ. ದನಿ ತಗ್ಗಿದರೂ ಅಕ್ಷರ ಮಾಸದೆ ಕೇಳಿದರೆ, ಆ ನಟ ಕಂಪನಿಯಲ್ಲಿ ಹಾಡಿ ಬಂದವರಿರಬಹುದು.